ಕೊಡುವವರು, ಕೊಡದವರು

ಮೊದಲ ವರ್ಷ ಬ್ಯಾಂಡಿನಲ್ಲಿ ನನಗೆ ಸಿಕ್ಕ ವಾದ್ಯ
ಕೇಬಲ್ಲು.
ಬಿಚ್ಚುವುದು, ಸುತ್ತುವುದು, ಮತ್ತೆ ಬಿಚ್ಚುವುದು.
ಮೊಣಕೈಗೆ ಹಾಕಿ ಸುತ್ತಿದರೆ ಬೈಗುಳ:
'ಮೀನಿನ ಬಲೆಯೇನೇ ಅದು, ಎಕುವಾ?
ತಾಮ್ರಕ್ಕೂ ಬೆನ್ನುಮೂಳೆ ಉಂಟು,
ಅದು ಹೊರಳುವ ಕಡೆಗೇ ಹೊರಳಿಸು.'

ಟಾಕೊರಾಡಿಯ ಹಾರ್ಬರ್ ಬೀಕನ್ಸ್ ಎಂದರೆ
ಮೂವತ್ತೊಂದು ವರ್ಷದ ಹೈಲೈಫ್,
ಎಂಟು ಗಂಡಸರು, ಎರಡು ಸೆಟ್ಟು ಕಟ್ಟಿಸಿದ ಹಲ್ಲು,
ಒಂದು ಹಳೇ ಲಾರಿ.
ಅದರ ಹಣೆಯ ಮೇಲೆ 'ತಾಳ್ಮೆ' ಎಂದು ಬರೆಸಿದ್ದರು,
ನಾನು ಸೇರುವ ಹೊತ್ತಿಗೆ ಅರ್ಧ ಅಳಿಸಿತ್ತು.

ಸ್ಯಾಕ್ಸೊಫೋನ್ ಕೈಗೆ ಬಂದದ್ದು
ಆನಾಮನ್ ಮಾಸ್ತರರ ಹರ್ನಿಯಾದ ದಯೆ.
ಆಸ್ಪತ್ರೆಯ ಮಂಚದಿಂದಲೇ ಹೇಳಿಕಳಿಸಿದರು:
ರೀಡು ನನ್ನದು ಬೇಡ, ಹೊಸದು ಕೊಳ್ಳಲಿ,
ತುಟಿ ಮಾತ್ರ ಅವಳದೇ ಇರಲಿ.

ಆಕ್ಸಿಮ್‌ನಲ್ಲಿ ಒಂದು ಶನಿವಾರದ ಸಾವಿನೂಟ.
ಕಪ್ಪು ಕೆಂಪು ಬಟ್ಟೆಯ ಜನ, ಶಾಮಿಯಾನದಾಚೆ ಕಡಲು.
ಮೂರನೆಯ ಹಾಡಿನ ನಡುವೆ ಕೊಬೀನಾ ಎಸ್ಸುಮನ್
ಗಿಟಾರ್ ಕೆಳಗಿಳಿಸಿ ಕೂಗಿದ: 'ತಂತಿ ಹರಿಯಿತು!
ನೀನು ಹಿಡಿ, ಹುಡುಗಿ, ನಿಲ್ಲಿಸಬೇಡ.'
ಹಿಡಿದೆ.
ಎಷ್ಟು ಹೊತ್ತೋ ತಿಳಿಯದು.
ಯಾರೋ ಬಂದು ಬೆವರಿದ ಹಣೆಗೆ ನೋಟು ಅಂಟಿಸಿದರು,
ಮತ್ತೊಬ್ಬರು ಅದರ ಮೇಲೆ ಮತ್ತೊಂದು.
ಉಸಿರು ತೆಗೆದುಕೊಳ್ಳುವಾಗ ಪಕ್ಕಕ್ಕೆ ನೋಡಿದೆ:
ಆರೂ ತಂತಿ ಇದ್ದವು.
ಎಣಿಸಿದ್ದೇನೆ.

ಮುಂದಿನ ಹಾಡಿಗೆ ಜನ ಕೂಗಿದ್ದು ಅವನನ್ನಲ್ಲ.
ಹಿಂದಿರುಗುವಾಗ ಲಾರಿಯಲ್ಲಿ ಊರು ಮುಟ್ಟುವವರೆಗೂ
ಕೊಬೀನಾ ತುಟಿ ಎರಡು ಮಾಡಲಿಲ್ಲ.
ಕೊಟ್ಟದ್ದನ್ನು ವಾಪಸ್ಸು ಕೇಳಲಾರದವನ ಮುಖ
ಹೇಗಿರುತ್ತದೆಂದು ಆ ರಾತ್ರಿ ನೋಡಿದೆ,
ನೋಡಿಯೂ ನೋಡದವಳ ಹಾಗೆ ನೋಟು ಮಡಿಸುತ್ತಾ.

ಸೋಮವಾರ ಮನೆಗೇ ಬಂದ.
ಅಮ್ಮ ಮೀನಿಗೆ ಹೊಗೆ ಹಾಕುತ್ತಿದ್ದಳು.
ಕೆಂಕೆ ತಿಂದ, ಮೆಣಸು ಸಾಲದೆಂದ, ಕೆಮ್ಮಿದ,
ಒಂದು ನೋಟ್‌ಬುಕ್ಕನ್ನು ಮಣೆಯ ಮೇಲೆ ಎಸೆದ.
'ನಿನ್ನದೇ ಬ್ಯಾಂಡು ಕಟ್ಟು. ನನ್ನಲ್ಲಿ ಜಾಗವಿಲ್ಲ.'

ಬ್ಲೂ ಪೆಲಿಕನ್ ಹೋಟೆಲು: ಕೊಡುತ್ತಾನೆ,
ಹೆಂಡತಿ ಎದುರಿಗಿದ್ದರೆ.
ಟಾರ್ಕ್ವಾದ ಗಣಿ ಕ್ಲಬ್ಬು: ಅರ್ಧ ದುಡ್ಡು, ಅರ್ಧ ಬಿಯರು.
ಅಲ್ಲಿ ಕುಡಿಯಬೇಡ. ಕ್ರೇಟಿನ ಸಮೇತ ತಂದು ಮಾರು.
ಸೆಕೊಂಡಿಯ ಗಾಡ್ಫ್ರೆಡ್: ಜನರೇಟರು ಹನ್ನೆರಡಕ್ಕೆ ಸಾಯುತ್ತದೆ.
ಹನ್ನೊಂದೂವರೆಗೇ ಎಣಿಸಿಕೋ, ಕತ್ತಲಲ್ಲಿ ನೋಟೆಲ್ಲ ಒಂದೇ.
ರೇಡಿಯೊದ ಹುಡುಗ: ಲಂಚ ಕೇಳುತ್ತಾನೆ, ಕೊಡಬೇಡ.
ಸಿ.ಡಿ. ಅವನ ತಾಯಿಗೆ ಕೊಡು.
ಎಲ್ಲ ಕಡೆಯೂ ನನ್ನ ಹೆಸರು ಹೇಳು,
ಗೆರೆ ಎಳೆದ ಮೂರು ಕಡೆ ಬಿಟ್ಟು.
ಅಲ್ಲಿ ಹೇಳಿದರೆ ಹೊಡೆಯುತ್ತಾರೆ.

ಹೀಗೆ ನಲವತ್ತು ಪುಟ.
ಒಂದು ಸ್ವರವಿಲ್ಲ, ಒಂದು ರಾಗವಿಲ್ಲ.
ಕೊನೆಯಲ್ಲಿ, ಅದೇ ಒತ್ತಿ ಬರೆದ ಅಕ್ಷರದಲ್ಲಿ:
ಕೊಬೀನಾ ಎಸ್ಸುಮನ್: ಕೊಡುವುದಿಲ್ಲ.
ಎಕುವಾಗೆ ಏಳು ರಾತ್ರಿಯ ಬಾಕಿ.
ಕೇಳಿದರೆ ಕಿವುಡನಾಗುತ್ತಾನೆ. ಬಿಡಬೇಡ.

ಬಿಟ್ಟಿಲ್ಲ.
ಈಸ್ಟರ್‌ಗೆ ಕೇಳಿದೆ, ಕಿವುಡನಾದ.
ಆನಾಮನ್ ಮಾಸ್ತರರ ಹುಟ್ಟುಹಬ್ಬಕ್ಕೆ ಕೇಳಿದೆ,
ಮೇಕೆ ಮಾಂಸದ ತಟ್ಟೆ ಮುಂದಕ್ಕೆ ತಳ್ಳಿದ.

ಕಳೆದ ಶುಕ್ರವಾರ ಬ್ಲೂ ಪೆಲಿಕನ್ನಿನಲ್ಲಿ ನಮ್ಮ ಐವರ ಬ್ಯಾಂಡು.
ಬಾಗಿಲ ಹುಡುಗನಿಗೆ ಮೊದಲೇ ಹೇಳಿದ್ದೆ:
ಬಿಳಿ ಮೀಸೆಯ ಮುದುಕ ಬಂದರೆ ಸುಮ್ಮನೆ ಒಳಗೆ ಬಿಡು.
ಆಟ ಮುಗಿದ ಮೇಲೆ ಹುಡುಗ ಹೇಳಿದ:
ಬಂದರು, ಜಗಳವಾಡಿದರು, ಅರವತ್ತು ಸೆಡಿ
ಮೇಜಿಗೆ ಬಡಿದರು,
ಸ್ಪೀಕರಿನ ಹಿಂದೆ ನಿಂತು
ಎರಡನೇ ಸರದಿ ಮುಗಿಯುವವರೆಗೂ ಕೇಳಿದರು.

ಮನೆಗೆ ಬಂದು ನೋಟ್‌ಬುಕ್ಕು ತೆರೆದೆ.
ಅರವತ್ತು ಕಳೆದು
ಬಾಕಿ ಬರೆದೆ.