ರಜೆ

ಬೈತಖೋಲದಿಂದ ಹೊರಟಾಗ ಐದೂವರೆ.
ದೋಣಿಯ ಮಗ್ಗುಲಿಗೆ ಕಬ್ಬಿಣದ ಕೊಳವೆ, ಕೊಳವೆಯ ತುದಿಗೆ
ನೀರೊಳಗೆ ಮುಳುಗಿಸಿದ ಸೋನಾರ್.
ತೆಂಗಿನಕಾಯಿಗಿಂತ ತುಸು ದೊಡ್ಡದು,
ದೋಣಿಗಿಂತ ಹೆಚ್ಚು ಬೆಲೆಯದು.
ಪುರ್ಸೋ ತಾಂಡೇಲ ಅದಕ್ಕಿಟ್ಟ ಹೆಸರು ಕೆಪ್ಪಿ.
‘ಕೂಗ್ತದೆ, ಕೂಗ್ತದೆ,
ತನ್ನ ಕೂಗೇ ತಿರುಗಿ ಬಂದ್ರೆ ಮಾತ್ರ ಕೇಳ್ತದೆ.’

ಕೆಲಸ, ಗದ್ದೆ ಹೂಡಿದಂತೆ.
ದೇವಗಡದ ದೀಪಸ್ತಂಭದ ಕಡೆಗೊಂದು ಸಾಲು,
ತಿರುಗಿ ಸದಾಶಿವಗಡದ ಕಡೆಗೊಂದು.
ಸಾಲಿನ ಅಂಚು ಸಾಲಿನ ಮೇಲೆ ಬೀಳಬೇಕು,
ಹಂಚು ಹೊದಿಸುವಾಗಿನ ಹಾಗೆ.
ನನ್ನೆದುರು ಎರಡು ತೆರೆ, ಒಂದು ಒದ್ದೆ.
ಇನ್ನೊಂದರ ಮೇಲೆ ಕೊಲ್ಲಿಯ ತಳ ಬಣ್ಣವಾಗಿ ಬರುತ್ತದೆ,
ಆಳಕ್ಕೆ ನೀಲಿ, ಮೇಲೆದ್ದಲ್ಲಿ ಕೆಂಪು.
ಕಾಳಿ ಹೊತ್ತು ತಂದ ಕೆಸರಿನ ನಾಲಗೆ.
ಟ್ರಾಲರ್ ಹಲಗೆಗಳ ಉದ್ದುದ್ದ ಗೀರು,
ಬೋಳುತಲೆಗೆ ಯಾರೋ ಬಾಚಣಿಗೆ ಎಳೆದಂತೆ.
ಕಳಚಿಹೋದ ಬಲೆಯೊಂದು, ಯಾರದೋ,
ಒಡೆಯನಿಲ್ಲದೆಯೂ ಹಿಡಿಯುತ್ತಲೇ ಇರುವುದು.

ಅಳೆಯದೆ ಉಳಿದುಹೋದ ತುಂಡಿಗೆ
ನಮ್ಮ ವೃತ್ತಿಯಲ್ಲಿ ‘ರಜೆ’ ಎನ್ನುತ್ತಾರೆ.
ಯಾಕೆಂದು ಕಲಿಸಿದವರೂ ಹೇಳಲಿಲ್ಲ.
ಆರನೆಯ ದಿನ ರಾತ್ರಿ ಸಾಲುಗಳನ್ನೆಲ್ಲ ಜೋಡಿಸಿದೆ.
ಇಡೀ ಕೊಲ್ಲಿಗೆ ಒಂದೇ ರಜೆ,
ಕೂರ್ಮಗಡದಿಂದ ನೈಋತ್ಯಕ್ಕೆ, ಎಳ್ಳಿನ ಆಕಾರ.
ಮೂವತ್ತೊಂದನೆಯ ಸಾಲು ಅಲ್ಲಿ ಎಡಕ್ಕೆ ಬಾಗಿದೆ,
ಮೂವತ್ತೆರಡು ಬಲಕ್ಕೆ.
ಮರುದಿನ ಮತ್ತೆ ಹೋದೆವು. ಮತ್ತೆ ಬಾಗಿತು.

‘ನೀರು ಎಳೀತದೆ ಬಾಯೋರೆ, ನಾ ಎಂತ ಮಾಡೂದು?’

ಅದು ಇಳಿತ ಮುಗಿದು ನೀರು ನಿಂತ ಹೊತ್ತು.
ಅವನಿಗೆ ಗೊತ್ತು.
ನನಗೆ ಗೊತ್ತೆಂಬುದೂ ಗೊತ್ತು.
ಬುತ್ತಿ ಬಿಚ್ಚಿದೆವು.

ಅವನ ಅಪ್ಪ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸುತ್ತಿದ್ದನಂತೆ,
ಎರಡು ಕೈ ಚಾಚಿದರೆ ಒಂದು ಮಾರು.
ಕಲ್ಲಿನ ಅಡಿಗೆ ಸವರಿದ ಮೇಣಕ್ಕೆ ಅಂಟಿದ್ದನ್ನು
ನಾಲಗೆಗೆ ತಾಗಿಸಿ, ಮರಳೋ ಚಿಪ್ಪೋ ನೋಡಿ,
ಕತ್ತಲಲ್ಲೇ ಎಲ್ಲಿದ್ದೇವೆಂದು ಹೇಳುತ್ತಿದ್ದನಂತೆ.
ಒಂದು ಜಾಗ ಮಾತ್ರ ಹೆಂಡತಿಗೂ ಹೇಳಿರಲಿಲ್ಲ.
‘ನಂಗೆ ತೋರ್ಸಿದ್ದು ಮೀಸೆ ಬಂದ ಮೇಲೆ.’

ನಾನು ಹೇಳಿದೆ: ಬಂದರಿನ ಹೂಳು ಸುರಿಯಲು
ಜಾಗ ಹುಡುಕುತ್ತಿದ್ದಾರೆ.
ನಕ್ಷೆಯಲ್ಲಿ ಖಾಲಿ ಕಂಡಲ್ಲಿಗೇ ಮೊದಲು ಬೆರಳು ಹೋಗುತ್ತದೆ.
ಅವನೆಂದ: ನಕ್ಷೇಲಿ ತುಂಬಿ ಕಂಡಲ್ಲಿಗೇ ಮೊದ್ಲು ಬಲೆ ಬರ್ತದೆ.
ಹುರಿದ ಬಂಗಡೆ ತಣ್ಣಗಾಯಿತು.

ಶನಿವಾರ ಅವನೇ ಚುಕ್ಕಾಣಿ ತಿರುಗಿಸಿದ. ನಾನು ಕೇಳಿರಲಿಲ್ಲ.
ಜಿಪಿಎಸ್ ಕಡೆ ನೋಡಲೂ ಇಲ್ಲ.
ದೀಪಸ್ತಂಭ ನಡುಗಡ್ಡೆಯ ಮೂಗಿಗೆ ತಾಗಿ,
ಹಿಂದಿನ ಗುಡ್ಡದ ಬಿಳಿ ಗೋಡೆ
ಮರದ ಮರೆಗೆ ಸರಿದಾಗ
‘ಹಾಂ’ ಎಂದ. ಎಂಜಿನ್ ಆರಿಸಿದ.
‘ಸದ್ದು ಬೇಡ, ಮಲಗಿರ್ತವೆ’ ಎಂದು ಹುಟ್ಟು ಹಾಕಿದ.
ಬ್ಯಾಟರಿಯ ಮೇಲೆ ಕೆಪ್ಪಿ ಕೂಗಿತು,
ನಮ್ಮ ಕಿವಿಗೆ ಕೇಳದ ಹಾಗೆ.

ನೀಲಿಯ ನಡುವಿನಿಂದ ಕೆಂಪು ಎದ್ದಿತು,
ಮಡಚಿದ ಮುಷ್ಟಿಯ ಗೆಣ್ಣುಗಳಂತೆ ಕಲ್ಲು,
ಕಲ್ಲಿನ ಮೇಲೆ ಹೊಗೆಯಾಡಿದಂತೆ ಚುಕ್ಕಿ.
ಚೊಣಕು, ಕೆಂಬೇರಿ.
ಯಂತ್ರದ ಲೆಕ್ಕದಲ್ಲಿ ಅವು ಗದ್ದಲ,
ಸಂಜೆ ಕೂತು ನಾನು ಅಳಿಸಬೇಕಾದ್ದು.

ಪುರ್ಸೋ ಕನ್ನಡಕ ಹುಡುಕಿದ, ಸಿಗಲಿಲ್ಲ,
ಹಾಗೆಯೇ ತೆರೆಗೆ ಮುಖ ತಂದ.
ನಲವತ್ತು ವರ್ಷ ಹಗ್ಗದ ತುದಿಯಲ್ಲಿ ಮುಟ್ಟಿದ್ದನ್ನು
ಬೆರಳಿಟ್ಟು ಎಣಿಸಿದ.
‘ಐದಾ?’ ಎಂದ.
‘ಅಪ್ಪ ನಾಲ್ಕು ಅಂದಿದ್ದ.’

ವರದಿ ಕೊಡಬೇಕಾದ್ದು ಸೋಮವಾರ.
ಇವತ್ತು ಭಾನುವಾರ.