ದಾರವಿಲ್ಲದ ಲಾಳಿ

ಬೆಟ್ಟ ಅಗೆದು ಇಲಿ ಹಿಡಿಯುವುದು ಸುಲಭ.
ಈ ಗಟ್ಟಿ ಪ್ಲಾಸ್ಟಿಕ್ ಪೊಟ್ಟಣ ಅಗೆದು ನೋಡಿ!
ಅಡುಗೆಮನೆ ಕತ್ತರಿಯ ಒಂದು ಕಾಲು ಮುರಿದ ಮೇಲೆ
ಅಂಗೈಗೆ ಬಂದು ಕೂತಿತು ಬೂದು ಮೌಸು.
ಬಾಲವೇ ಇಲ್ಲ.

ಬಾಲ ಎಲ್ಲಿ, ಎಂದೆ. ಕ್ಸಾವೆರಿ ನಕ್ಕ.
ನಗರದ ದಾಖಲೆ ಕಚೇರಿಯ ಹುಡುಗ, ಕಿವಿಯಲ್ಲಿ ಮೂರು ರಿಂಗು,
ಗಿರಣಿಯ ಹಳೇ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿಕೊಟ್ಟು
ಮುಖ ನೋಡಿ ಹೆಸರು ಬರೆಯಿರಿ, ಪಾನಿ ಗೆನ್ಯಾ,
ಉಳಿದವರು ನೀವು ಏಳೇ ಜನ, ಎಂದವನು.

ಇದು ವೈರ್‌ಲೆಸ್ಸು, ಎಂದ.
ಮೂವತ್ತೊಂದು ವರ್ಷ ಈ ವುಚ್ ಊರಿನಲ್ಲಿ
ನಾಲ್ಕು ಮಗ್ಗಗಳ ನಡುವೆ ನಿಂತವಳು ನಾನು.
ಹೊಕ್ಕಿನ ಎಳೆ ತುಂಡಾದರೆ ಮಗ್ಗ ತಾನೇ ನಿಲ್ಲುತ್ತಿತ್ತು.
ದಾರವಿಲ್ಲದ ಲಾಳಿ ಓಡಿದ್ದು ಕಂಡವಳಲ್ಲ.

ಹೊಟ್ಟೆ ಬಿಚ್ಚಿದೆವು. ಒಳಗೆ ಉಗುರಿನಷ್ಟು ತುಂಡು, ರಿಸೀವರ್.
ಇದು ಕಳೆದರೆ ಮೌಸು ಬರೀ ಕಲ್ಲು,
ಮಕ್ಕಳ ಬಾಯಿಗೂ ಸಿಗಬಾರದು, ಎಂದ.
ನನಗೆ ಮೊಮ್ಮಕ್ಕಳಿಲ್ಲ. ಕೆಳಗಿನ ಮಹಡಿಯ ಮಗು ಬರುತ್ತದೆ,
ಹೋದ ವಾರ ನನ್ನ ಕೋಟಿನ ಗುಂಡಿ ತಿಂದಿದೆ.
ಕಿಂಡಿಗೆ ತೂರಿಸಿದೆ, ಹೋಗಲಿಲ್ಲ.
ತಿರುಗಿಸಿದೆ, ಹೋಗಲಿಲ್ಲ.
ಮತ್ತೆ ಮೊದಲಿನಂತೆ ತಿರುಗಿಸಿದೆ, ಹೋಯಿತು. ದೇವರೇ ಬಲ್ಲ.

ಬ್ಯಾಟರಿ ಒಂದು. ಉಬ್ಬಿದ ತುದಿ ಯಾವ ಕಡೆಗೆಂದು
ಕನ್ನಡಕ ಹುಡುಕಿ, ಓದಿ, ಕೂರಿಸಿದೆ.
ಅಡಿಯ ಗುಂಡಿ ಸರಿಸಿದರೆ ಕೆಂಪು ಬೆಳಕು.
ಏನಿದೆಯೋ ಎಂದು ಕಣ್ಣಿಟ್ಟು ಬಗ್ಗಿದೆ.
ಬೇಡ, ಎಂದು ಅಂಗೈ ಅಡ್ಡ ಹಿಡಿದ.

ಬ್ರೋನ್ಯಾ ನೆನಪಾದಳು,
ಮಗ್ಗದಿಂದ ಸಿಡಿದ ಲಾಳಿಗೆ ಎಡಗಣ್ಣು ಕೊಟ್ಟವಳು.
ಅವತ್ತು ಅಡ್ಡ ಹಿಡಿಯಲು
ಯಾರ ಕೈಯೂ ಬಿಡುವಾಗಿರಲಿಲ್ಲ.

ನನ್ನ ಮೇಜಿಗೆ ಗಾಜು ಹೊದಿಸಿದೆ.
ಬಾಣದ ಗುರುತು ಸಂಬಳದ ದಿನದ ಗಂಡಸಿನಂತೆ ತೂರಾಡಿತು.
ಗಾಜಿನ ಮೇಲೆ ಇದಕ್ಕೆ ಕಣ್ಣು ಕಾಣದು,
ಒರಟಾದದ್ದು ಏನಾದರೂ ಇದೆಯೇ?

ಬೀರು ತೆಗೆದೆ.
ಗಿರಣಿ ಮುಚ್ಚಿದ ವಾರ ಹೊಟ್ಟೆಗೆ ಸುತ್ತಿಕೊಂಡು ತಂದ
ಒಂದೂವರೆ ಗಜ ಚೌಕಳಿ ಫ್ಲಾನೆಲ್ಲು.
ಗೇಟಿನ ಕಾವಲಿನವನು ಕಂಡೂ ಆಕಾಶ ನೋಡಿದ್ದ.
ಇಪ್ಪತ್ತೆಂಟು ವರ್ಷ ಅದಕ್ಕೆ ಕತ್ತರಿ ಹಾಕಿಲ್ಲ.
ಮಡಿಸಿ ಹಾಸಿದೆ.

ಬಾಣ ನಿಂತಿತು. ಹೇಳಿದ ಕಡೆ ನಡೆಯಿತು.
ಆ ಕೆಂಪು ಕಣ್ಣು ಕೆಳಗಿನ ನೇಯ್ಗೆ ನೋಡಿಕೊಂಡೇ
ದಾರಿ ತಿಳಿಯುತ್ತದಂತೆ.
ಅಂದರೆ ನನ್ನ ಹಾಸು, ನನ್ನ ಹೊಕ್ಕು.
ದಾರವಿಲ್ಲ ಅಂದವರು ಯಾರು?

ಮಣಿಕಟ್ಟು ನೆಟ್ಟಗಿರಲಿ. ಮೊಣಕೈಗೆ ಆಸರೆ ಇರಲಿ.
ಹಿಸುಕಬೇಡಿ, ಅದು ಓಡಿಹೋಗುವುದಿಲ್ಲ.
ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕೈ ಕೊಡವಿ.
ಇಪ್ಪತ್ತು ನಿಮಿಷಕ್ಕೊಮ್ಮೆ! ನಮ್ಮ ಮೇಸ್ತ್ರಿ ಕೇಳಿದ್ದರೆ
ನಕ್ಕು ನಕ್ಕು ಸೀಟಿ ನುಂಗುತ್ತಿದ್ದ.
ನೀವು ಗೆದ್ದಿದ್ದೀರಿ ಅಂತ ಬಣ್ಣದ ಚೀಟಿ ಹಾರಿಬಂದರೆ
ಒತ್ತಬೇಡಿ, ಪಾನಿ ಗೆನ್ಯಾ.
ಮಗು, ನೀವು ಗೆದ್ದಿದ್ದೀರಿ ಅಂದವರನ್ನು
ನಾಲ್ಕು ಸರ್ಕಾರದಲ್ಲಿ ನೋಡಿದ್ದೇನೆ.
ಒತ್ತುವುದಿಲ್ಲ.

ಅವನು ಹೋದ. ಕೊನೆಯ ಟ್ರಾಮೂ ಹೋಯಿತು.
ಮುಖ. ಕ್ಲಿಕ್. ಹೆಸರು.
ಬ್ರೋನ್ಯಾ, ಎರಡೂ ಕಣ್ಣಿನ ಬ್ರೋನ್ಯಾ.
ಸ್ತೆಫ್ಕಾ, ನನಗೆ ನಲವತ್ತು ಝ್ವೊಟಿ ಬಾಕಿ;
ಅದನ್ನು ಬರೆಯಲು ಜಾಗ ಕೊಟ್ಟಿಲ್ಲ.
ಮೂರನೇ ಸಾಲಿನ ಎತ್ತರದವಳು, ತಲೆವಸ್ತ್ರ ಜಾರಿದವಳು,
ಹನ್ನೊಂದು ವರ್ಷ ನನ್ನ ಎದುರು ಮಗ್ಗ.

ಆ ಸದ್ದಿನಲ್ಲಿ ನಾವು ತುಟಿ ಓದುತ್ತಿದ್ದೆವು.
ಅವಳ ಹೆಸರು ನನ್ನ ಬಾಯಿಗೆ ಗೊತ್ತು,
ಕಿವಿಗೆ ಎಂದೂ ಬಿದ್ದಿಲ್ಲ.
ಬಾಣವನ್ನು ಅವಳ ಹಣೆಯ ಮೇಲೆ ನಿಲ್ಲಿಸಿ
ಸದ್ದಿಲ್ಲದೆ ಕರೆದೆ.
ಪೇಲಾ? ಬೇಲಾ? ಮೇಲಾ?
ತುಟಿಗೆ ಮೂರೂ ಒಂದೇ.

ಇಪ್ಪತ್ತು ನಿಮಿಷ ದಾಟಿತ್ತು. ಎದ್ದೆ, ಕೈ ಕೊಡವಿದೆ.
ಮೌಸು ಬೋರಲು ಮಾಡಿ ಗುಂಡಿ ಸರಿಸಿದೆ,
ಬೆಳಕು ಆರಿತು. ಬಟ್ಟೆ ಮಾತ್ರ ಮಡಿಸಲಿಲ್ಲ.
ನಾಳೆ ಬ್ರೋನ್ಯಾಗೆ ಫೋನು ಮಾಡಬೇಕು.
ಅವಳಿಗೀಗ ಕಿವಿ ಕೇಳದು;
ಎದುರು ಹೋಗಿ ನಿಂತೇ ಕೇಳಬೇಕು.