ಜಾಬ್ ವರ್ಕ್

ಕೌಲ್ ಬಜಾರಿನ ಸಂದಿಯಲ್ಲಿ
ಮೇಲೆ ಜೀನ್ಸ್ ಯೂನಿಟ್ಟು, ಕೆಳಗೆ ನನ್ನ ರಿಪೇರಿ ಅಂಗಡಿ.
ನಲವತ್ತು ಮಷೀನು ಒಮ್ಮೆಗೇ ಓಡಿದರೆ
ನನ್ನ ತಟ್ಟೆಯ ಸ್ಕ್ರೂಗಳು
ಹುರಿಯುವ ಜೋಳದ ಹಾಗೆ ಕುಣಿಯುತ್ತವೆ.

ಕಟಿಂಗ್ ಮಾಸ್ಟರ್ ಬುಡೇನ್‌ಸಾಬ್ ಬಂದ.
ಕಿವಿಯ ಮೇಲೆ ಸೀಮೆಸುಣ್ಣ,
ಉಗುರಿನ ಬುಡದಲ್ಲಿ ತೊಳೆದರೂ ಹೋಗದ ನೀಲಿ,
ಕಂಕುಳಲ್ಲಿ ಯಜಮಾನನ ಕೆಟ್ಟ ಲ್ಯಾಪ್‌ಟಾಪು.
ಹೊಸದು ಕೊಳ್ಳಬೇಕಂತೆ.
"ಸುಂಕಮ್ಮಾ, ಖರೇ ಹೇಳು.
ನೀಲಿ ಸ್ಟಿಕ್ಕರಿಂದು ಚಲೋನೋ, ಕೆಂಪು ಸ್ಟಿಕ್ಕರಿಂದೋ?"

ಈ ಜಗಳ ನನಗೆ ಹದಿನಾರು ವರ್ಷದಿಂದ ಗೊತ್ತು.
ಒಂದು ಕಾಲಕ್ಕೆ ನೀಲಿಯವರೇ ಊರಗೌಡರು.
ಕೆಂಪು ಕಂಡರೆ ಗಿರಾಕಿ ಮುಖ ತಿರುವುತ್ತಿದ್ದ,
"ಅದು ಕಾಯ್ತೈತಂತಲ್ಲ, ಬ್ಯಾಡ."
ಒಂದು ದೀಪಾವಳಿಗೆ ಗಾಳಿ ತಿರುಗಿತು,
ಅದೇ ಗಿರಾಕಿ ಅದೇ ಬಾಯಲ್ಲಿ ಕೆಂಪು ಕೇಳಿದ.
ಈಗ ಕಚ್ಚಿದ ಹಣ್ಣಿನವರು ಫ್ಯಾನಿಲ್ಲದೆ ಓಡಿಸುತ್ತಾರೆ,
ಫೋನಿಗೆ ಚಿಪ್ಪು ಮಾಡುತ್ತಿದ್ದವರೂ ಅಖಾಡಕ್ಕಿಳಿದಿದ್ದಾರೆ.
ವರ್ಷಕ್ಕೊಂದು ಅಂಕಿ, ಅಂಕಿಗೊಂದು ಬಾಲ.
ಡಬ್ಬಿಯ ಮೇಲೆ ಇಪ್ಪತ್ತು ತಾಸು ಬ್ಯಾಟರಿ.
ಯಾವ ಊರಿನ ತಾಸೋ,
ಬಳ್ಳಾರಿಯ ತಾಸಂತೂ ಅಲ್ಲ.

ಕೆಟ್ಟದ್ದನ್ನು ಬಿಚ್ಚಿದೆ.
ಫ್ಯಾನಿನ ರೆಕ್ಕೆಗೆ ಜೀನ್ಸಿನ ಜುಂಗು,
ಗುಬ್ಬಿಗೂಡಿನಷ್ಟು, ನೀಲಿ.
ಅದರಡಿ ಒಣಗಿ ಬಿರುಕು ಬಿಟ್ಟ ಪೇಸ್ಟು,
ಅದರಡಿ ಹೆಬ್ಬೆರಳ ಉಗುರಿನಷ್ಟು ಒಂದು ಚೌಕ.
ಒರೆಸಿದೆ. ಬುಡೇನ್‌ಸಾಬನ ಮೂಗು ಕಂಡಿತು ಅದರಲ್ಲಿ.
"ಇಷ್ಟಕ್ಕೇನಾ ಅಷ್ಟು ರೊಕ್ಕ?"

"ಸೆಕೆಂಡಿಗೆ ನಾಕುನೂರು ಕೋಟಿ ಹೆಜ್ಜೆ ಮಾಸ್ಟ್ರೇ.
ಬಿಸಿ ಆದ್ರೆ ಸಾಯಂಗಿಲ್ಲ,
ತಾನೇ ಕಾಲು ನಿಧಾನ ಹಾಕ್ತೈತೆ."

ಅವನು ನಗಲಿಲ್ಲ.
"ಮ್ಯಾಲೆ ತಗಡಿನ ಕೆಳಗೆ ಇಸ್ತ್ರಿ ಹುಡುಗರೂ ಹಿಂಗೇ.
ಮೇ ತಿಂಗಳಾಗ ಎರಡು ಗಂಟೆ ಹೊಡೀತಂದ್ರೆ
ಕೈ ತಾನೇ ಇಳೀತೈತೆ.
ಯಜಮಾನ ಅದಕ್ಕ ಸೋಮಾರಿತನ ಅಂತಾನ."

ಆಮೇಲೆ ಕೇಳಿದ, ಇದನ್ನು ಮಾಡೋರು ಯಾರು?
ಸಮುದ್ರದ ನಡುವೆ ಒಂದು ದ್ವೀಪ, ಅಂದೆ.
ಕೆಂಪಿನವರು ನಕ್ಷೆ ಬರೆದು ಅಲ್ಲಿಗೇ ಕೊಡುತ್ತಾರೆ.
ಹಣ್ಣಿನವರೂ ಅಲ್ಲಿಗೇ.
ನೀಲಿಯವರಿಗೆ ಸ್ವಂತ ಯೂನಿಟ್ಟು ಇದೆ,
ಈಗೀಗ ಅವರೂ ಒಂದಿಷ್ಟು ತುಂಡು ಅಲ್ಲಿಗೇ ಕಳಿಸುತ್ತಾರೆ.

"ಜಾಬ್ ವರ್ಕ್!" ಅಂದ ಬುಡೇನ್‌ಸಾಬ್,
ದೂರದೂರಿನ ಬಸ್ಸಿನಲ್ಲಿ
ಪಕ್ಕದ ಸೀಟಿನಲ್ಲೇ ನೆಂಟ ಸಿಕ್ಕವನ ಹಾಗೆ.

ಮೇಲೆ ಬೆಳಿಗ್ಗೆ ಹುಲಿಯ ಲೇಬಲ್ಲು, ಮಧ್ಯಾಹ್ನ ಹದ್ದಿನದು.
ಹುಲಿಯವನಿಗೂ ಹದ್ದಿನವನಿಗೂ
ಬೆಂಗಳೂರು ರೋಡಿನಲ್ಲಿ ಎದುರುಬದುರು ಅಂಗಡಿ,
ಹನ್ನೊಂದು ವರ್ಷದಿಂದ ಮಾತಿಲ್ಲ.
ಮಾರೆಕ್ಕನ ಸೂಜಿಗೆ ಇಬ್ಬರೂ ಒಂದೇ ಸೊಂಟಪಟ್ಟಿ.
ಒಮ್ಮೆ ಕರೆಂಟು ಹೋಗುವ ಅವಸರಕ್ಕೆ
ಹುಲಿಯ ಗಂಟಿಗೆಲ್ಲ ಹದ್ದು ಹೊಲಿದಳಂತೆ,
ಹನ್ನೆರಡು ಡಜನ್.
ತೊಟ್ಟವರು ಒಬ್ಬರೂ ವಾಪಸ್ಸು ತರಲಿಲ್ಲ.

ಇಬ್ಬರೂ ನಕ್ಕೆವು. ಚಹಾ ಬಂತು.
ಅರ್ಧ ಕುಡಿದು ಲೋಟ ಕೆಳಗಿಟ್ಟ.

"ಹೊಸದು ಯಾಕ ಗೊತ್ತೇನು?
ಬಟ್ಟೆ ಮ್ಯಾಲೆ ತುಂಡು ಜೋಡಿಸೋ ಲೆಕ್ಕ
ಇನ್ನ ಮುಂದ ಅದೇ ಹಾಕ್ತೈತಂತೆ.
ತಾನಿಗೆ ಮೂರಿಂಚು ಉಳಿಸ್ತೈತಂತೆ, ನನಗಿಂತ.
ಇಪ್ಪತ್ತೆರಡು ವರ್ಷ, ಸುಂಕಮ್ಮಾ,
ಗೆರೆ ಎಳೆಯೋ ಮುಂಚೇನೇ
ಪ್ಯಾಂಟು ಕಣ್ಣಾಗ ಮಲಗಿರ್ತಿತ್ತು."

ಕೌಂಟರಿನ ಗಾಜಿನ ಮೇಲೆ ಸೀಮೆಸುಣ್ಣದಿಂದ
ಒಂದು ಜೇಬಿನ ಗೆರೆ ಎಳೆದ,
ಅಂಗೈಯಲ್ಲಿ ಅಳಿಸಿದ.

"ನೀಲಿ ಕೆಂಪು ಹಾಳಾಗ್ಲಿ.
ಎರಡರಾಗ ಯಾವುದು ಸ್ವಲ್ಪ ನಿಧಾನ,
ಅದನ್ನ ಹೇಳು."

ಮೇಲೆ ಊಟದ ಹೊತ್ತು ಮುಗಿದು
ಮಷೀನುಗಳು ಎದ್ದವು, ಸ್ಕ್ರೂಗಳು ಕುಣಿದವು.
ಬಿಚ್ಚಿದ ಚಿಪ್ಪು ಬರಿಮೈಯಲ್ಲಿ ಕಾದಿತ್ತು.
ಪೇಸ್ಟಿನ ಟ್ಯೂಬಿನ ಮುಚ್ಚಳ ತೆಗೆದವಳು
ಹಚ್ಚಲೋ ಬೇಡವೋ ಎಂದು
ಹಾಗೇ ಹಿಡಿದು ಕೂತೆ.